ಹುರಕಡ್ಲಿಯವರ ಸುಖಮರಣ ಮತ್ತು ಹೆಳವರ ಯಂಕೋಬ

ಯಂಕೋಬನ ಕಾಲು ನೆಲಕ್ಕೆ ತಾಗಿರುವಷ್ಟು ಹೊತ್ತು ಅವನ ಬಾಯಿಂದ ಸತ್ತವರ ಒಂದು ಹೆಸರನ್ನಾದರೂ ಹೊರಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಮಳೆಯ ವಿಚಾರ ಕೇಳಿ, ಸಜ್ಜೆಯ ಬೆಳೆ ಕೇಳಿ, ಯಲಬುರ್ಗಾದ ಯಾವ ಓಣಿಯಲ್ಲಿ ಯಾರ ಎಮ್ಮೆ ಈದಿದೆ ಎಂದು ಕೇಳಿ, ನಿಂತ ನಿಲುವಿನಲ್ಲೇ ಉತ್ತರ ಸಿಗುತ್ತಿತ್ತು. ಆದರೆ 'ನಮ್ಮ ಮುತ್ತಜ್ಜನ ಹೆಸರೇನು' ಎಂದು ಕೇಳಿದಿರೋ, ಅವನು ಒಮ್ಮೆಗೇ ಗಂಭೀರನಾಗಿ ತನ್ನ ವಾಹನದ ಕಡೆ ನಡೆದು, ಅದರ ಮೇಲೇರಿ, ಎರಡೂ ಪಾದಗಳನ್ನು ಎತ್ತಿ ಇಟ್ಟುಕೊಂಡು, ಗಂಟೆಯನ್ನು ಮೂರು ಸಲ ಬಾರಿಸಿದ ಮೇಲಷ್ಟೇ ಬಾಯಿ ತೆರೆಯುತ್ತಿದ್ದ. ಹಿರಿಯರ ಹೆಸರು ನಾಲಗೆಯ ಮೇಲಿರುವಾಗ ಅವರು ಮಲಗಿರುವ ಮಣ್ಣನ್ನು ತುಳಿಯಬಾರದು ಎಂಬುದು ಅವನ ನೇಮ. ಇದು ಎಲ್ಲ ಹೆಳವರ ನೇಮವೋ, ಅವನೊಬ್ಬನ ಹಟವೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದರೆ 'ನಮ್ಮಪ್ಪ ಮಾಡ್ತಿದ್ದ' ಎಂದು ಹೇಳಿ ಮಾತು ಮುಗಿಸುತ್ತಿದ್ದ.

ಹೆಳವರೆಂದರೆ ಊರೂರು ತಿರುಗಿ, ತಮ್ಮ ಪಾಲಿಗೆ ಬಂದ ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಎತ್ತಿನ ಮೇಲೆ ಕುಳಿತು ಬಂದು, ಅಂಗಳದಲ್ಲಿ ನಿಂತು, ಆ ಮನೆಯ ಏಳೆಂಟು ತಲೆಗಳನ್ನು, ಅಂದರೆ ತಲೆಮಾರುಗಳನ್ನು, ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಜೋಳ, ಬಟ್ಟೆ, ಮನೆಯವರ ಮನಸ್ಸು ದೊಡ್ಡದಾದರೆ ಒಂದು ಹೋರಿಗರು ಪಡೆದು ಹೋಗುವುದು ಅವರ ವೃತ್ತಿ. ನಾನು ಅವನನ್ನು ಮೊದಲು ಕಂಡದ್ದು ೧೯೯೭ರಲ್ಲಿ, ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ. ಇರಕಲ್ಲಗಡದ ಪ್ರೌಢಶಾಲೆಗೆ ಕನ್ನಡ ಮಾಸ್ತರನಾಗಿ ಹೋಗಿದ್ದ ನಾನು ಹುರಕಡ್ಲಿ ಉಮಾಪತಿಯ ಮನೆಯ ಮಗ್ಗುಲ ಕೋಣೆಯಲ್ಲಿ ಬಾಡಿಗೆಗಿದ್ದೆ. ಒಂದು ಬೆಳಿಗ್ಗೆ ಎತ್ತಿನ ಗಂಟೆ ಕೇಳಿಸಿತೆಂದು ಹೊರಗೆ ಬಂದು ನೋಡಿದರೆ ಎತ್ತಿರಲಿಲ್ಲ; ಹಸಿರು ಬಣ್ಣದ ಹಳೆಯ ಟಿವಿಎಸ್ ಗಾಡಿಯೊಂದು ನಡು ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ನಿಂತಿತ್ತು, ಅದರ ದೀಪಕ್ಕೆ ಮೂರು ಎಳೆ ವಿಭೂತಿ, ಹಿಡಿಕೆಗೆ ಸೇರಿನ ಗಾತ್ರದ ಹಿತ್ತಾಳೆಯ ಗಂಟೆ, ಮೇಲೆ ಸಿಂಹಾಸನಸ್ಥನಾದ ದೊರೆಯ ಹಾಗೆ ಯಂಕೋಬ. ಅವನ ಎತ್ತು ಹಿಂದಿನ ವರ್ಷ ತೀರಿಕೊಂಡಿತ್ತಂತೆ. ಗಂಟೆಯನ್ನು ಮಾತ್ರ ಬಿಚ್ಚಿ ಗಾಡಿಗೆ ಕಟ್ಟಿದ್ದ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ತಲೆ ಹೇಳಿ ಎಂದ. ಅಪ್ಪನ ಹೆಸರು ಹೇಳಿದೆ, ಅಜ್ಜನ ಹೆಸರು ಹೇಳಿದೆ, ಮುಂದೆ ತಡವರಿಸಿದೆ. ಎಂ.ಎ. ಪದವಿ ಪಡೆದು, ರಾಜವಂಶಗಳ ಕಾಲಮಾನಗಳನ್ನೆಲ್ಲ ಬಾಯಿಪಾಠ ಮಾಡಿದ್ದ ನನಗೆ ನನ್ನ ಮುತ್ತಜ್ಜನ ಹೆಸರು ಗೊತ್ತಿರಲಿಲ್ಲ. ಯಂಕೋಬ ಬೈಯಲಿಲ್ಲ, ನಗಲಿಲ್ಲ. ಜಾತ್ರೆಯಲ್ಲಿ ಕೈತಪ್ಪಿದ ಕೂಸನ್ನು ನೋಡುವಂತೆ ಕರುಣೆಯಿಂದ ನೋಡಿ, "ಇರ್ಲಿ ಬಿಡ್ರಿ ಮಾಸ್ತರ, ಸರಕಾರದವರು ಪಗಾರ ಕೊಡ್ತಾರಲ್ಲ" ಎಂದ. ಆ ಕರುಣೆಗೆ ನನಗೆ ಬಂದ ಸಿಟ್ಟು ಇಳಿಯಲು ಒಂದು ವಾರ ಹಿಡಿಯಿತು.

ಅವನ ನಡಿಗೆಯೂ ವಿಶಿಷ್ಟವಾಗಿತ್ತು. ಎಳವೆಯಿಂದಲೇ ಎತ್ತಿನ ಬೆನ್ನೇರಿ ಬೆಳೆದದ್ದರಿಂದ ಅವನ ಎರಡು ಮೊಣಕಾಲುಗಳು ಎಂದೂ ಒಂದನ್ನೊಂದು ಭೇಟಿಯಾಗಿರಲಿಲ್ಲ. ನಡೆಯುವಾಗಲೂ ಕಣ್ಣಿಗೆ ಕಾಣದ ಎತ್ತೊಂದು ಅವನ ಕೆಳಗೆ ಸಾಗುತ್ತಿದೆಯೇನೋ ಅನ್ನಿಸುತ್ತಿತ್ತು. ಮೈಮೇಲೆ ಚೈತ್ರ ವೈಶಾಖದಲ್ಲೂ ಬಿಚ್ಚದ ಕರಿಯ ಕೋಟು. ಗಂಗಾವತಿಯ ಯಾರೋ ವಕೀಲರು ದಾನ ಕೊಟ್ಟ ಆ ಕೋಟಿಗೆ ಅವನ ಹೆಂಡತಿ ಒಳಗಡೆ ಒಂಬತ್ತು ಜೇಬುಗಳನ್ನು ಹೊಲಿದಿದ್ದಳು, ಒಂದೊಂದು ಜೇಬಿನಲ್ಲಿ ಒಂದೊಂದು ಹೋಬಳಿಯ ಪುಸ್ತಕ. ಕುಷ್ಟಗಿಯ ಕಡೆಯ ಮನೆತನಗಳು ಎಡಗಡೆ, ಕೊಪ್ಪಳದವು ಬಲಗಡೆ. ಎರಡು ವಾಕ್ಯಕ್ಕೊಮ್ಮೆ 'ಸುಳ್ಳಲ್ಲ ಮತ್ತ' ಎನ್ನುವುದು ಅವನ ಮಾತಿನ ರೂಢಿ. 'ಚಹಾ ಬಿಸಿ ಐತಿ, ಸುಳ್ಳಲ್ಲ ಮತ್ತ' ಎಂದು ಹೇಳಿದ್ದನ್ನೂ ನಾನು ಕೇಳಿದ್ದೇನೆ.

ಆ ದಿನ ಅವನು ಹುರಕಡ್ಲಿಯವರ ವಂಶಾವಳಿಯನ್ನು ಹೇಳಿದ ರೀತಿಗೆ ನಾನು ನಿಜಕ್ಕೂ ಬೆರಗಾದೆ. ದನಿ ತೆರೆದರೆ ಕಣಜದಿಂದ ಕಾಳು ಸುರಿದ ಹಾಗೆ. ಆ ಮನೆತನದ ಹಿರಿಮೆಯೆಂದರೆ ಸಾವು. ಅಲ್ಲಿಯ ಗಂಡಸರಾರೂ ಹಾಸಿಗೆ ಹಿಡಿದು, ನರಳಿ, ಔಷಧ ನುಂಗಿ ಸತ್ತವರಲ್ಲ. ಎಲ್ಲರೂ ಎಲ್ಲೋ ಒಂದು ಕಡೆ ನಗುನಗುತ್ತಾ ಇದ್ದವರು ಹಠಾತ್ತನೆ ಹೊರಟುಹೋದವರು. ಯಂಕೋಬ ಒಬ್ಬೊಬ್ಬನ ಮರಣವನ್ನೂ ಒಂದೊಂದು ನುಡಿಯಾಗಿ ಕಟ್ಟಿದ್ದ: "ಗಾಳೆಪ್ಪನ ಮಗ ಹಿರೇ ಉಮಾಪತಿ, ಕಣದಾಗ ರಾಶಿಪೂಜಿ ಮಾಡಿದ, ಕುಂತಲ್ಲೇ ಶಿವನ ಪಾದ ಸೇರಿದ, ಹಾಸಿಗಿ ಹಿಡೀಲಿಲ್ಲ, ಯಾರ ಹಂಗಿಗೂ ಬೀಳಲಿಲ್ಲ!" ಹಿರೇ ಉಮಾಪತಿಯ ಮಗ ಪಂಪಣ್ಣ ಭಜನೆಯಲ್ಲಿ ತಾಳ ಹಿಡಿದೇ ಹೋದ, ಪಂಪಣ್ಣನ ತಮ್ಮ ಕೊಟ್ರಪ್ಪ ಕುಷ್ಟಗಿಯ ಸಂತೆಯಿಂದ ಬರುವಾಗ ಗಾಡಿಯಲ್ಲಿ ಮಲಗಿದವನು ಏಳಲಿಲ್ಲ, ಎತ್ತುಗಳು ತಾವಾಗಿ ಮನೆಗೆ ತಂದವು. ಪ್ರತಿಯೊಬ್ಬನಿಗೂ ಕೊನೆಯಲ್ಲಿ ಅದೇ ಪಲ್ಲವಿ: ಹಾಸಿಗಿ ಹಿಡೀಲಿಲ್ಲ, ಯಾರ ಹಂಗಿಗೂ ಬೀಳಲಿಲ್ಲ. ಪಲ್ಲವಿ ಬಂದಾಗಲೊಮ್ಮೆ ಪಂಪಣ್ಣನ ಹೆಂಡತಿ, ಉಮಾಪತಿಯ ತಾಯಿ ದುರುಗವ್ವ, ಒಳಗಿನಿಂದ ಒಂದು ಮೊರ ಜೋಳ ತಂದು ಯಂಕೋಬನ ಚೀಲಕ್ಕೆ ಹಾಕಿ, ಒಂದು ಮಾತೂ ಆಡದೆ ಒಳಗೆ ಹೋಗುತ್ತಿದ್ದಳು.

ಉಮಾಪತಿಗೆ ಆಗ ಮೂವತ್ತೈದು. ಬೀಜ ಗೊಬ್ಬರದ ಅಂಗಡಿ, ಹದಿನೆಂಟು ಎಕರೆ ಎರೆಹೊಲ, ಊರೆಲ್ಲ ಕೇಳುವ ನಗೆ. "ನಮ್ಮ ಮನಿತನಕ್ಕ ಶಿವ ಕೊಟ್ಟ ವರ ಇದು ಮಾಸ್ತರ" ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದ. ವರ ಪಡೆದವನಂತೆಯೇ ಬದುಕುತ್ತಿದ್ದ ಕೂಡ. ಬೆಳಿಗ್ಗೆ ಅಂಗಡಿಯ ಗಾದಿಯ ಮೇಲೆ ಕುಳಿತರೆ ಸಂಜೆಗೇ ಏಳುವುದು. ಗಲ್ಲದಲ್ಲಿ ಸದಾ ತಂಬಾಕಿನ ಉಂಡೆ. ನಾಲ್ಕು ಗಂಟೆಗೆ ಮಂಡಕ್ಕಿ ಮಿರ್ಚಿ, ಮೇಲೊಂದು ಉಪ್ಪು ಹಾಕಿದ ಸೋಡಾ. ಹೆಂಡತಿ ಶೇಖರಮ್ಮ ಗೊಣಗಿದರೆ, "ನಾ ಹೋಗೋದು ಕುಂತಲ್ಲೇ ಹೋಗ್ತೀನಿ, ನಿನಗ ಚಾಕರಿ ಇಲ್ಲ, ಚಿಂತಿ ಬಿಡು" ಎಂದು ನಗುತ್ತಿದ್ದ. ಅವನ ಜೊತೆಗೆ ಎಷ್ಟೋ ಸಂಜೆ ಕುಳಿತು ಅದೇ ಮಿರ್ಚಿ ತಿಂದು ಅದೇ ನಗೆ ನಕ್ಕ ನಾನು ಈಗ ತಿಳಿದವನ ಹಾಗೆ ಬರೆಯುತ್ತಿದ್ದೇನೆ, ಅಷ್ಟೆ.

೨೦೧೦ರ ಹೊತ್ತಿಗೆ ನನಗೆ ಕೊಪ್ಪಳಕ್ಕೆ ವರ್ಗವಾಗಿ ಭಾಗ್ಯನಗರದಲ್ಲಿ ಮನೆ ಮಾಡಿದ್ದೆ. ಆ ವರ್ಷ ಉಮಾಪತಿಯ ಮನೆಯವರೆಲ್ಲ ದುರ್ಗಾದೇವಿಯ ದರ್ಶನಕ್ಕೆ ಹೇಮಗುಡ್ಡಕ್ಕೆ ಹೊರಟಾಗ ನನ್ನನ್ನೂ ಕರೆದೊಯ್ದರು. ಮುಂದೆ ಮುಂದೆ ಏರುತ್ತಿದ್ದ ಉಮಾಪತಿ ಒಂದು ಬಂಡೆಯ ಹತ್ತಿರ ನಿಂತ. ಅಂಗಿ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ಎದೆಯ ಮೇಲೆ ಯಾರೋ ಗೊಬ್ಬರದ ಚೀಲ ಇಟ್ಟ ಹಾಗಾಗುತ್ತಿದೆ ಎಂದ. ಹತ್ತು ನಿಮಿಷ ಕುಳಿತ ಮೇಲೆ ಹಗುರಾಯಿತು. "ಗ್ಯಾಸ್ ಆಗೇತಿ" ಎಂದು ಎದ್ದ, ನಾಲ್ಕು ಹೆಜ್ಜೆಗೆ ಮತ್ತೆ ಕುಳಿತ. ಎರಡು ತಿಂಗಳಿಂದ ಹೊಲದ ದಿಬ್ಬ ಏರುವಾಗಲೂ ಹೀಗೇ ಆಗುತ್ತಿದೆ ಎಂಬ ಗುಟ್ಟನ್ನು ಶೇಖರಮ್ಮ ಆಗ ಹೊರಗೆ ಹಾಕಿದಳು. ದೇವಿಗೆ ಕೆಳಗಿನಿಂದಲೇ ಕೈಮುಗಿದು, ಅವನನ್ನು ನೇರವಾಗಿ ಕೊಪ್ಪಳಕ್ಕೆ, ಡಾಕ್ಟರ್ ಅಮೃತಾ ಅವರ ದವಾಖಾನೆಗೆ ಕರೆತಂದೆವು.

ಅಮೃತಾ ಕುಷ್ಟಗಿಯ ಕಡೆಯ ಹೆಣ್ಣುಮಗಳು. ಮಾತು ಕಡಿಮೆ, ಕಿವಿ ದೊಡ್ಡದು. ಇಸಿಜಿ ತೆಗೆದರು, ರಕ್ತದೊತ್ತಡ ನೋಡಿದರು, ಸಕ್ಕರೆ ನೋಡಿದರು; ಎರಡೂ ಮಿತಿ ಮೀರಿದ್ದವು. ಆಮೇಲೆ ಕೇಳಿದರು: "ನಿಮ್ಮ ಮನಿಯಾಗ ಯಾರಿಗಾದ್ರೂ ಹೃದಯದ ಬ್ಯಾನಿ ಇತ್ತೇನ್ರಿ?"

"ಒಬ್ಬರಿಗೂ ಇಲ್ರಿ ಬಾಯಾರ" ಎಂದ ಉಮಾಪತಿ ಹೆಮ್ಮೆಯಿಂದ. "ನಮ್ಮ ಮನಿತನದಾಗ ಗುಳಿಗಿ ನುಂಗಿದವರ ಇಲ್ಲ. ಎಲ್ಲಾರೂ ಕುಂತಲ್ಲೇ ಹೋಗ್ಯಾರ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಎಷ್ಟನೆಯ ವಯಸ್ಸಿಗೆ ಎಂದು ಕೇಳಿದರು. ಅದು ಅವನಿಗೆ ಗೊತ್ತಿರಲಿಲ್ಲ. ಅಪ್ಪ ಹೋದಾಗ ತಾನು ಕಾಲೇಜಿನಲ್ಲಿದ್ದೆ ಎಂದ, ಉಳಿದವರದು ಹೆಳವರ ಯಂಕೋಬನೇ ಹೇಳಬೇಕು ಎಂದ. ಡಾಕ್ಟರು ವಿವರವಾಗಿ ತಿಳಿಸಿದರು: ಗುಡ್ಡ ಏರುವಾಗ ಬಂದು, ಕುಳಿತರೆ ಹೋಗುವ ಆ ನೋವು ಹೃದಯಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗಿದೆ ಎಂಬುದರ ಸೂಚನೆ, ಹುಬ್ಬಳ್ಳಿಗೆ ಹೋಗಿ ಆಂಜಿಯೋಗ್ರಾಂ ಮಾಡಿಸಿಕೊಳ್ಳಲೇಬೇಕು, ತಡ ಮಾಡಬಾರದು. ಉಮಾಪತಿ ಗುಳಿಗೆಯ ಚೀಟಿಯನ್ನು ಮಡಚಿ ಜೇಬಿಗಿಟ್ಟು, ಹುಬ್ಬಳ್ಳಿಯ ಮಾತು ಮಾತ್ರ ಬೇಡವೆಂದ. ದವಾಖಾನೆಯ ಮಂಚದ ಮೇಲೆ ಮಲಗಿ ಕುಲದ ಹೆಸರು ಕೆಡಿಸುವ ಮೊದಲ ಹುರಕಡ್ಲಿ ತಾನಾಗುವುದಿಲ್ಲ ಎಂಬುದು ಅವನ ವಾದ. ಅವನು ಹೊರಗೆ ಹೋದ ಮೇಲೆ ಅಮೃತಾ ನನಗೆ ಹೇಳಿದರು: "ನನ್ನ ಮಾತು ಕೇಳಂಗಿಲ್ಲ ಇವರು. ನಮ್ಮ ಮನಿಗೂ ಹೆಳವರು ಬರ್ತಾರ್ರಿ, ನನಗ ಗೊತ್ತೈತಿ. ಆ ಯಂಕೋಬನ್ನ ಹುಡಿಕ್ಕೊಂಡು ಬರ್ರಿ. ಭಾಳ ದಿನ ಇಲ್ಲ."

ಮೂರು ದಿನ ರಜೆ ಹಾಕಿ ಯಂಕೋಬನ ಜಾಡು ಹಿಡಿದೆ. ಅವನ ಹತ್ತಿರ ಮೊಬೈಲು ಇರಲಿಲ್ಲ; ಜೀವಂತ ಇರುವವರ ಜೊತೆ ಅಷ್ಟು ಮಾತಾಡುವುದು ತನಗೆ ಏನಿದೆ ಎನ್ನುತ್ತಿದ್ದ. ಇಂಥ ಊರಿಗೆ ನಿನ್ನೆ ಬಂದಿದ್ದ, ಇಂಥ ಊರಿಗೆ ಇಂದು ಮುಂಜಾನೆ ಹೋದ ಎಂಬ ಸುದ್ದಿಯ ಬೆನ್ನು ಹತ್ತಿ, ಕೊನೆಗೆ ಯಲಬುರ್ಗಾದ ಆಚೆ ಒಂದು ಬೇವಿನ ಮರದಡಿ ಗಾಡಿಗೆ ಪಂಕ್ಚರ್ ಹಾಕುತ್ತಾ ಕುಳಿತಿದ್ದವನನ್ನು ಹಿಡಿದೆ. ಸಂಗತಿಯನ್ನೆಲ್ಲ ಕೇಳಿ ಅವನಿಗೆ ಸಿಟ್ಟು ಬಂತು.

"ಮನಿತನದ ಹಿರಿಮಿ ಹೇಳಾಕ ಹುಟ್ಟೀವಿ ನಾವು, ಕುಂದು ಹೇಳಾಕ ಅಲ್ಲ. ಹೆಳವನ ಬಾಯಾಗ ಮನಿತನದ ಕುಂದು ಬಂತಂದ್ರ ಆ ಮನಿ ಅವಂದಲ್ಲ. ನಾಳಿ ಅವ್ರು ನನ್ನ ಬಿಟ್ಟು ಮತ್ತೊಬ್ಬನ್ನ ಕರೀತಾರ. ಏಳು ತಲಿಯಿಂದ ಬಂದ ಹಕ್ಕು ಐತ್ರಿ ನಂದು."

"ಉಮಾಪತಿನೇ ಇರದಿದ್ದರ ಹಕ್ಕು ತಗೊಂಡು ಏನ್ ಮಾಡ್ತಿ?" ಎಂದು ನಾನೂ ರೇಗಿದೆ.

ಅವನು ಟ್ಯೂಬಿಗೆ ಅಂಟು ಹಚ್ಚಿ ಮುಗಿಸಿದ. ಕೊನೆಗೆ ಕೋಟಿನ ಬಲಗಡೆಯ ಜೇಬಿನಿಂದ ಒಂದು ಪುಸ್ತಕ ತೆಗೆದ. ಅವನ ಅಪ್ಪ ಬರೆದು, ಮುಂದೆ ಅವನು ಬರೆದ ಪುಸ್ತಕ. ಹೆಸರುಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಬರಹವಿತ್ತು. ಸಾವಾದ ಮನೆಗೆ ಹೋದಾಗ ಅವನ ಅಪ್ಪ ಆದದ್ದೆಲ್ಲವನ್ನೂ ಕೇಳಿ ಬರೆದಿಡುತ್ತಿದ್ದನಂತೆ. 'ಹಾಡಾಕ ಬರೋದು ಹಾಡು, ಉಳದದ್ದು ಬರದಿಡು' ಎಂದು ಮಗನಿಗೆ ಹೇಳಿಕೊಟ್ಟಿದ್ದನಂತೆ. ಯಂಕೋಬ ಅದನ್ನು ಬೆರಳಿಟ್ಟು ಮನಸ್ಸಿನಲ್ಲೇ ಓದಿಕೊಳ್ಳುತ್ತಾ ಹೋದ, ಓದುತ್ತಾ ಹೋದಂತೆ ಅವನ ಮುಖದ ಬಿಗಿ ಸಡಿಲಾಯಿತು. ಪುಸ್ತಕ ಮುಚ್ಚಿ, ಪಂಕ್ಚರಿನ ಅಂಟು ಒಣಗುವವರೆಗೂ ಕಾಯದೆ ಗಾಡಿ ಅಲ್ಲೇ ಬಿಟ್ಟು, ಗಂಟೆಯನ್ನು ಮಾತ್ರ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು, ನನ್ನ ಬೈಕಿನ ಹಿಂದೆ ಹತ್ತಿದ.

ಮರುದಿನ ದವಾಖಾನೆಯಲ್ಲಿ ಆದದ್ದನ್ನು ಕಂಪೌಂಡರ್ ಹೈದರಸಾಬ ಇಂದಿಗೂ ಹೇಳಿ ನಗುತ್ತಾನೆ. ಉಮಾಪತಿ, ದುರುಗವ್ವ, ಶೇಖರಮ್ಮ ಮೂವರನ್ನೂ ಡಾಕ್ಟರು ಗುಳಿಗೆ ಬದಲಿಸುವ ನೆವದಲ್ಲಿ ಕರೆಸಿದ್ದರು. ಯಂಕೋಬ ಒಳಗೆ ಬಂದ, ಪುಸ್ತಕ ತೆಗೆದ, ಮತ್ತೆ ಸುಮ್ಮನೆ ನಿಂತ. ಗಾಡಿ ಯಲಬುರ್ಗಾದಲ್ಲಿತ್ತು, ಪಾದ ನೆಲದ ಮೇಲಿತ್ತು. ಅವನ ಸಂಕಟ ಕುಷ್ಟಗಿಯ ಹೆಣ್ಣುಮಗಳಿಗೆ ಒಡನೆಯೇ ತಿಳಿಯಿತು. ರೋಗಿಗಳನ್ನು ಪರೀಕ್ಷಿಸುವ ಎತ್ತರದ ಮಂಚವನ್ನು ತೋರಿಸಿ, "ಹತ್ರಿ ಮ್ಯಾಲ" ಎಂದರು. ಯಂಕೋಬ ಕೋಟಿನ ಸಮೇತ ಮಂಚ ಹತ್ತಿ, ಕಾಲು ಮಡಚಿ ಕುಳಿತು, ಕೈಚೀಲದಿಂದ ಗಂಟೆ ತೆಗೆದು ಮೂರು ಸಲ ಬಾರಿಸಿದ. ಹೈದರಸಾಬ ಹೊರಗಿನಿಂದ, "ಕುಲ್ಫಿಯವನನ್ನ ಒಳಗ ಬಿಟ್ಟವರು ಯಾರ್ರಿ?" ಎಂದು ಕೂಗುತ್ತಾ ಓಡಿಬಂದ. ಸರತಿಯಲ್ಲಿ ಕುಳಿತಿದ್ದ ಕೆಮ್ಮಿನವರು, ಜ್ವರದವರು ಎಲ್ಲರೂ ಬಾಗಿಲಲ್ಲಿ ನೆರೆದರು.

ಯಂಕೋಬ ಅಭ್ಯಾಸಬಲದಿಂದ ರಾಗ ಎತ್ತಿದ: "ಗಾಳೆಪ್ಪನ ಮಗ ಹಿರೇ ಉಮಾಪತಿ, ಕಣದಾಗ ರಾಶಿಪೂಜಿ ಮಾಡಿದ..."

"ಯಂಕೋಬಣ್ಣಾ" ಎಂದರು ಡಾಕ್ಟರು, "ಹಾಡು ಛಲೋ ಐತಿ. ಸಣ್ಣ ಅಕ್ಷರದಾಗ ಬರದದ್ದನ್ನ ಓದ್ರಿ."

ಅವನು ಒಮ್ಮೆ ಉಮಾಪತಿಯ ಮುಖ ನೋಡಿದ. ಏಳು ತಲೆಮಾರಿನ ಹಕ್ಕು ಆ ಗಳಿಗೆಯಲ್ಲಿ ಅವನ ಕೈಯಿಂದ ಜಾರುತ್ತಿತ್ತೆಂಬುದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆಮೇಲೆ ರಾಗ ಬಿಟ್ಟು ಓದಿದ. ರಾಗವಿಲ್ಲದ ಅವನ ದನಿಯನ್ನು ನಾವ್ಯಾರೂ ಕೇಳಿರಲೇ ಇಲ್ಲ. ಅದು ಒಬ್ಬ ಸಾಮಾನ್ಯ ಮುದುಕನ ದನಿಯಾಗಿತ್ತು. ಗಾಳೆಪ್ಪ, ಐವತ್ತೆರಡು, ಹೊಲದಲ್ಲಿ ಎದೆ ಹಿಡಿದುಕೊಂಡು ಕುಳಿತ. ಹಿರೇ ಉಮಾಪತಿ, ಮೂಸಿ ಹೊಳೆ ಹೈದರಾಬಾದನ್ನು ಮುಳುಗಿಸಿದ ವರ್ಷ ಹುಟ್ಟಿದವನು, ಡ್ಯಾಮಿನ ನೀರು ಬಂದು ಆರನೆಯ ವರ್ಷ ಹೋದ, ಐವತ್ತೊಂದು. ಎರಡು ತಿಂಗಳಿಂದ ದಿಬ್ಬ ಏರಿದರೆ ಎದೆ ಬಿಗಿಯುತ್ತಿತ್ತು, ಕುಳಿತರೆ ಹಗುರಾಗುತ್ತಿತ್ತು. ಪಂಪಣ್ಣ, ನಲವತ್ತೊಂಬತ್ತು, ಬೆವರು, ಎಡಗೈ ಜೋಮು. ಕೊಟ್ರಪ್ಪ, ನಲವತ್ತೇಳು, ಸಂತೆಯಲ್ಲಿ ಎರಡು ಸಲ ವಾಂತಿ, ಎದೆ ಉರಿ ಎಂದು ಸೋಡಾ ಕುಡಿದು ಗಾಡಿಯಲ್ಲಿ ಮಲಗಿದ.

ಮೊದಲು ನಗುತ್ತಿದ್ದ ಉಮಾಪತಿ ಬೆರಳು ಮಡಚಿ ಎಣಿಸತೊಡಗಿದ್ದ. ಎರಡು ತಿಂಗಳು, ದಿಬ್ಬ ಎಂಬ ಮಾತು ಬಂದಾಗ ಬೆರಳು ನಿಂತವು. ಅವನಿಗೆ ಆಗ ನಲವತ್ತೆಂಟು.

"ಇದನ್ನ ಎಂದೂ ಹೇಳಿದ್ದಿಲ್ಲಲ್ಲೋ ಯಂಕೋಬಣ್ಣ" ಎಂದ.

"ನೀವು ಎಂದೂ ಕೇಳಿದ್ದಿಲ್ಲ ಧಣೇರ. ನಾ ಹಾಡಿದ್ದು ಸುಳ್ಳಲ್ಲ ಮತ್ತ" ಎಂದ ಯಂಕೋಬ. ಪುಸ್ತಕ ಮುಚ್ಚಿ, "ಪೂರ್ತಿನೂ ಅಲ್ಲ" ಎಂದು ಸೇರಿಸಿದ.

ಡಾಕ್ಟರು ಸಾವಕಾಶವಾಗಿ ಹೇಳಿದರು: "ಇದು ವರ ಅಲ್ರಿ, ಬ್ಯಾನಿ. ಅಪ್ಪಗ ಐವತ್ತೈದರ ಒಳಗ ಬಂದಿತ್ತಂದ್ರ ಮಕ್ಕಳಿಗೆ ಅಂಜಿಕಿ ಹೆಚ್ಚು. ಹಂಗಂತ ಬಂದೇ ಬರತೈತಿ ಅಂತಲ್ಲ. ಹುಟ್ಟಿದ ಮನಿತನ ಬದಲಿ ಮಾಡಾಕ ಬರಂಗಿಲ್ಲ. ತಂಬಾಕ ಬಿಡಾಕ ಬರತೈತಿ, ಬಿಪಿ, ಸಕ್ಕರಿ ಹಿಡಿತದಾಗ ಇಡಾಕ ಬರತೈತಿ, ಉಪ್ಪು, ಎಣ್ಣಿ ಕಡಿಮಿ ಮಾಡಿ, ಗಾದಿ ಬಿಟ್ಟು ನಡ್ಯಾಕ ಬರತೈತಿ. ಒಂದರ ಜೋಡಿ ಒಂದು ಕೂಡಿದಷ್ಟು ಅಪಾಯ ಜಾಸ್ತಿ. ನಿಮ್ಮಲ್ಲಿ ಎಲ್ಲಾ ಕೂಡಿ ಕುಂತಾವ."

ಆದರೂ ಹಟ ಅಷ್ಟು ಸುಲಭವಾಗಿ ಹೋಗುವುದಲ್ಲ. ಉಮಾಪತಿ ಎದ್ದು ನಿಂತ. "ಇರಲಿ ಬಿಡ್ರಿ. ಬಂದರ ಬರಲಿ. ಹಂಗ ಹೋಗೋದ ಛಲೋ. ಯಾರಿಗೂ ತ್ರಾಸಿಲ್ಲ."

"ಯಾರಿಗೂ ತ್ರಾಸಿಲ್ಲ?" ಎಂದಳು ದುರುಗವ್ವ.

ಗೋಡೆಗೆ ಒರಗಿ ನಿಂತಿದ್ದ ಆ ಮುದುಕಿ ಅಲ್ಲಿದ್ದಾಳೆಂಬುದನ್ನೇ ನಾವು ಮರೆತಿದ್ದೆವು. "ನಿಮ್ಮಪ್ಪ ಕುಂತಲ್ಲೇ ಹೋದ, ಖರೆ. ಆವತ್ತಿನಿಂದ ನಾ ಕುಂತಿಲ್ಲ. ಹದಿನೆಂಟು ಎಕರೆ ಹೊಲ, ನೀನು, ನಿನ್ನ ಇಬ್ಬರು ತಂಗೇರು. ನನಗ ನಲವತ್ಮೂರು. ನಮ್ಮತ್ತಿ ನಿಂತಿದ್ದು ನೋಡೀನಿ, ಕೊಟ್ರಪ್ಪನ ಹೇಣ್ತಿ ನಿಂತಿದ್ದು ನೋಡೀನಿ. ಹಾಸಿಗಿ ಹಿಡೀಲಿಲ್ಲ, ಹಂಗಿಗೆ ಬೀಳಲಿಲ್ಲ ಅಂತ ಇವ ಹಾಡ್ತಾನ, ನಾ ಜೋಳ ಹಾಕ್ತೀನಿ. ಯಂಕೋಬಾ, ಅವರು ಹೋದ ಮ್ಯಾಲ ಯಾರು ಬಿದ್ರು, ಯಾರು ಎದ್ರು, ಅದು ನಿನ್ನ ಪುಸ್ತಕದಾಗ ಐತೇನು?"

ಯಂಕೋಬನ ಪುಸ್ತಕದಲ್ಲಿ ಅದಿರಲಿಲ್ಲ. ದೊಡ್ಡ ಅಕ್ಷರದಲ್ಲೂ ಇರಲಿಲ್ಲ, ಸಣ್ಣ ಅಕ್ಷರದಲ್ಲೂ ಇರಲಿಲ್ಲ. ಅವನು ತಲೆ ತಗ್ಗಿಸಿ, "ಇಲ್ಲ ಯವ್ವಾ" ಎಂದ. ಕೆಮ್ಮಿನವರೂ ಕೆಮ್ಮಲಿಲ್ಲ. ಶೇಖರಮ್ಮ ಅಳುತ್ತಿದ್ದಳು, ನನ್ನ ಕಣ್ಣೂ ತುಂಬಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಉಮಾಪತಿ ತಾಯಿಯ ಮುಖವನ್ನು ಆ ದಿನವೇ ಮೊದಲ ಸಲ ಕಂಡವನಂತೆ ನೋಡುತ್ತಾ ನಿಂತು, ಆಮೇಲೆ ಬಾಗಿಲಾಚೆ ಹೋಗಿ ಗಲ್ಲದ ತಂಬಾಕನ್ನು ಉಗುಳಿ ಬಂದು, "ಹುಬ್ಬಳ್ಳಿ ಗಾಡಿ ಎಷ್ಟಕ್ಕ ಐತಿ ಮಾಸ್ತರ?" ಎಂದು ಕೇಳಿದ.

ಹುಬ್ಬಳ್ಳಿಯಲ್ಲಿ ಅವನ ಹೃದಯದ ಎರಡು ನಾಳಗಳಿಗೆ ಸ್ಟೆಂಟ್ ಹಾಕಿದರು. ಅವುಗಳಲ್ಲಿ ಒಂದು, ಮುಕ್ಕಾಲುಪಾಲಿಗಿಂತ ಹೆಚ್ಚು ಮುಚ್ಚಿತ್ತಂತೆ. ಅವನು ತಿರುಗಿ ಬಂದ ಮೇಲೆ ಅಂಗಡಿಯ ಗಾದಿ ತೆಗೆಸಿದ, ದಿನಾಲು ಮುಂಜಾನೆ ಹೊಲದವರೆಗೆ ನಡೆದು ಬರತೊಡಗಿದ, ಮಿರ್ಚಿಯ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ರಸ್ತೆ ದಾಟುವವನಾದ. ಯಂಕೋಬನನ್ನು ಬಿಡಿಸುವ ಮಾತು ಬರಲೇ ಇಲ್ಲ. ಬದಲಾಗಿ ಅವನ ಗಾಡಿಗೆ ಹೊಸ ಟಾಯರುಗಳೆರಡು ಬಂದವು.

ಬದಲಾದವನು ಯಂಕೋಬ. ಮನೆತನಗಳ ಹಿರಿಮೆಯನ್ನು ಹಾಡಿ ಮುಗಿಸಿದ ಮೇಲೆ ಅವನು ಈಗ ಯಜಮಾನನನ್ನು ಹತ್ತಿರ ಕರೆದು, ಸಣ್ಣ ಅಕ್ಷರದ್ದನ್ನು ಕಿವಿಯಲ್ಲಿ ಓದಿ ಹೇಳತೊಡಗಿದ: ನಿಮ್ಮಪ್ಪ ಇಷ್ಟಕ್ಕೆ ಹೋದ, ನಿಮ್ಮ ದೊಡ್ಡಪ್ಪ ಇಷ್ಟಕ್ಕೆ, ನಿಮಗೆ ನಲವತ್ತಾಯಿತು, ಒಮ್ಮೆ ಕೊಪ್ಪಳಕ್ಕೆ ಹೋಗಿ ಬಿಪಿ ತೋರಿಸಿಕೊಂಡು ಬನ್ನಿ. ಕೆಲವರು ಬೈದರು, ಎರಡು ಮನೆಯವರು ಜೋಳ ಹಾಕುವುದನ್ನು ನಿಲ್ಲಿಸಿದರು. ಗಂಗಾವತಿಯ ಹತ್ತಿರ ರುದ್ರೇಶ ಎಂಬ ಹುಡುಗನ ನಿಶ್ಚಿತಾರ್ಥದ ದಿನವಂತೂ ಕಿವಿಯಲ್ಲಿ ಹೇಳಲು ಹೋದದ್ದು, ಗಾಡಿ ಎತ್ತರ, ದನಿ ದೊಡ್ಡದು, ಚಪ್ಪರಕ್ಕೆಲ್ಲ ಕೇಳಿಸಿತು: "ನಿಮ್ಮಪ್ಪ ನಲವತ್ತಾರಕ್ಕ, ನಿಮ್ಮ ಕಾಕಾ ನಲವತ್ತಕ್ಕ, ಸುಳ್ಳಲ್ಲ ಮತ್ತ!" ಹುಡುಗನ ಕಡೆಯವರು ಬಡಿಗೆ ಹುಡುಕಿದರು. ಯಂಕೋಬ ಗಾಡಿಯನ್ನು ಓಡಿಸಿದ ವೇಗವನ್ನು ಆ ಗಾಡಿ ಅದಕ್ಕೂ ಮೊದಲು ಕಂಡಿರಲಿಲ್ಲ. ಆದರೆ ಹುಡುಗಿಯ ತಾಯಿ ಗಟ್ಟಿಗಿತ್ತಿ, "ತಿಳದದ್ದು ಛಲೋ ಆತು. ಹುಡುಗನ್ನ ಡಾಕ್ಟರಿಗೆ ತೋರಸ್ರಿ, ಸಿಗರೇಟ ಬಿಡಸ್ರಿ, ಆಮ್ಯಾಲ ಅಕ್ಕಿಕಾಳು" ಎಂದಳಂತೆ. ಹಾಗೆಯೇ ಆಯಿತು. ಮದುವೆಗೆ ಯಂಕೋಬನಿಗೆ ಕರೆ ಬಂತು, ಅವನು ಹೋದ, ದೂರದಲ್ಲೇ ಗಾಡಿ ನಿಲ್ಲಿಸಿ ಊಟ ಮಾಡಿ ಬಂದ.

ಒಮ್ಮೆ ಅಮೃತಾ ಅವನ ತೋಳಿಗೆ ಪಟ್ಟಿ ಸುತ್ತಿ, "ನಿಮ್ಮಪ್ಪ ಯಾವ ಬ್ಯಾನಿಯಿಂದ ಹೋದ್ರು?" ಎಂದು ಕೇಳಿದರು. ಮುನ್ನೂರು ಮನೆಗಳ ಸಾವನ್ನು ಬಲ್ಲವನಿಗೆ ಅದು ಗೊತ್ತಿರಲಿಲ್ಲ. ಅಪ್ಪ ಹೋದಾಗ ತಾನು ಕುಷ್ಟಗಿಯ ಕಡೆ ಯಾರದೋ ಅಂಗಳದಲ್ಲಿ ಹಾಡುತ್ತಿದ್ದೆ, ಬಂದು ಕೇಳುವ ಹೊತ್ತಿಗೆ ಹೇಳುವವರು ಇರಲಿಲ್ಲ ಎಂದ. ಬಿಪಿ ಹೆಚ್ಚೇ ಇತ್ತು. ಅಂದಿನಿಂದ ಕೋಟಿಗೆ ಹತ್ತನೆಯ ಜೇಬು ಬಂತು, ಅದರಲ್ಲಿ ಗುಳಿಗೆ.

ಉಮಾಪತಿಗೆ ಐವತ್ತಾರು ತುಂಬಿದ ವರ್ಷ, ಅಂದರೆ ೨೦೧೮ರಲ್ಲಿ, ಯಂಕೋಬ ಬರುವ ದಿನ ಗೊತ್ತು ಮಾಡಿಕೊಂಡು ನಾನೂ ಇರಕಲ್ಲಗಡಕ್ಕೆ ಹೋದೆ. ಅಂಗಳದಲ್ಲಿ ಅವನು ಹಾಡಿದ. ಗಾಳೆಪ್ಪನ ಜೊತೆ ಗಾಳೆಪ್ಪನ ಹೆಂಡತಿ ಬಂದಳು, ಹಿರೇ ಉಮಾಪತಿಯ ಬೆನ್ನಿಗೆ ಅವನ ಹೆಂಡತಿ ಎಷ್ಟು ವರ್ಷ ಒಬ್ಬಳೇ ರಾಶಿ ಮಾಡಿದಳೆಂಬುದು ಬಂತು, ಪಂಪಣ್ಣನ ಬೆನ್ನ ಹಿಂದೆ ದುರುಗವ್ವನಿಗೆ ಮೂರು ನುಡಿಗಳು. ಉಮಾಪತಿಯ ಸರದಿ ಬಂದಾಗ ಯಂಕೋಬ ತಡೆದ. ಆ ಮನೆತನದ ಹಾಡಿನಲ್ಲಿ ಐವತ್ತೆರಡರ ಆಚೆಗೆ ಗಂಡಸಿಗೆ ಹೇಳುವ ನುಡಿಯೇ ಇರಲಿಲ್ಲ. ರಾಗ ಅಷ್ಟರಲ್ಲೇ ತೀರುತ್ತಿತ್ತು. ಅಷ್ಟರಲ್ಲಿ ಉಮಾಪತಿಯ ಮೊಮ್ಮಗಳು ಮಹೇಶ್ವರಿ ಪಾಟಿಚೀಲ ಹಿಡಿದು ಒಳಗಿನಿಂದ ಬಂದು, "ಅಜ್ಜಾ, ಸಾಲಿಗೆ ಹೊತ್ತಾತು" ಎಂದು ಕೂಗಿದಳು. ಯಂಕೋಬ ಪುಸ್ತಕ ತಿರುವಿದ, ಹಿಂದಕ್ಕೆ, ಇನ್ನೂ ಹಿಂದಕ್ಕೆ. ಹಿಂದಿನ ಮೂರು ತಲೆಗಳಲ್ಲಿ ಮೊಮ್ಮಕ್ಕಳ ಕೈಹಿಡಿದು ಶಾಲೆಗೋ ಹೊಲಕ್ಕೋ ಕರೆದೊಯ್ದ ಅಜ್ಜ ಆ ಮನೆಯಲ್ಲಿ ಒಬ್ಬನೂ ಇರಲಿಲ್ಲ. ಮೊಮ್ಮಗಳನ್ನು ಶಾಲೆಗೆ ಕರೆದೊಯ್ಯುವ ಮೊದಲ ಅಜ್ಜ ಎಂದು ಅವನು ಉಮಾಪತಿಯ ಹೆಸರಿನ ಮುಂದೆ ದೊಡ್ಡ ಅಕ್ಷರದಲ್ಲಿ ಬರೆದುಕೊಂಡ.

ನೆನಪಿಟ್ಟುಕೊಳ್ಳುವವರು ಪ್ರತಿ ಊರಿನಲ್ಲೂ ಇರುತ್ತಾರೆ. ಹೆಳವರಲ್ಲಿ, ಹಳೆಯ ಸೂಲಗಿತ್ತಿಯರಲ್ಲಿ, ಓಣಿಯ ಕೊನೆಯ ಮನೆಯ ಮುದುಕಿಯರಲ್ಲಿ. ನಮಗೆ ಹಿತವಾದದ್ದನ್ನು ಅವರು ರಾಗವಾಗಿ ಹೇಳುತ್ತಾರೆ, ನಾವು ಮೆಚ್ಚಿ ಕೊಟ್ಟು ಕಳಿಸುತ್ತೇವೆ, ಉಳಿದದ್ದು ಅವರ ಎದೆಯಲ್ಲೇ ಇರುತ್ತದೆ. ಸತ್ತವರಿಗೆ ಆ ನೆನಪಿನಿಂದ ಏನೂ ಆಗಬೇಕಾದ್ದಿಲ್ಲ. ಅದು ಬೇಕಾಗಿರುವುದು ಇನ್ನೂ ಉಸಿರಾಡುತ್ತಿರುವ ನಮಗೆ. ಕೇಳುವವನ ಮುಖ ಬಾಡುತ್ತದೆಂದು ತಿಳಿದೂ, ತನ್ನ ಅನ್ನಕ್ಕೆ ಕುತ್ತು ಬರುತ್ತದೆಂದು ತಿಳಿದೂ, ರಾಗ ನಿಲ್ಲಿಸಿ ಇದ್ದದ್ದನ್ನು ಓದಿ ಹೇಳುವವನು ಅಂಥವರಲ್ಲಿ ಅಪರೂಪಕ್ಕೊಬ್ಬ. ಅವನು ಬಾಗಿಲಿಗೆ ಬಂದಾಗ ಜೋಳ ಹಾಕಿ ಬೇಗ ಕಳಿಸಿಬಿಡಬಾರದು; ಕೂಡಿಸಿಕೊಂಡು ಪೂರ್ತಿ ಕೇಳಬೇಕು.